ಔಷಧಿ ಚೀಟಿಯ ಮೇಲೆ ಬ್ರೆಡ್ಡು

ಇಂಗ್ಲೆಂಡಿನ ಔಷಧಿ ಅಂಗಡಿಗಳಲ್ಲಿ ಅರ್ಧ ಶತಮಾನದಿಂದ ಒಂದು ವಿಚಿತ್ರ ವ್ಯವಹಾರ ನಡೆದುಬಂದಿದೆ. ಗಿರಾಕಿ ಡಾಕ್ಟರ ಚೀಟಿ ಮುಂದಿಡುತ್ತಾನೆ. ಅಂಗಡಿಯಾತ ಒಳಗೆ ಹೋಗಿ ಮಾತ್ರೆಯ ಬದಲು ಬ್ರೆಡ್ಡು ತಂದುಕೊಡುತ್ತಾನೆ. ಇಲ್ಲವೇ ಬ್ರೆಡ್ಡು ಮಾಡುವ ಹಿಟ್ಟು. ಕೆಲವು ವರ್ಷಗಳ ಹಿಂದಿನವರೆಗೂ ಬಿಸ್ಕತ್ತು, ಪಾಸ್ತಾ, ಪಿಜ್ಜಾದ ಅಡಿರೊಟ್ಟಿ ಕೂಡ ಇದೇ ದಾರಿಯಲ್ಲಿ ಬರುತ್ತಿದ್ದವು. ಬೆಲೆಯ ಬಹುಪಾಲು ಸರ್ಕಾರದ ಲೆಕ್ಕಕ್ಕೆ. ಯಾವ ತಿನಿಸನ್ನು ಹೀಗೆ ಚೀಟಿಯಲ್ಲಿ ಬರೆಯಬಹುದು ಎಂದು ತೀರ್ಮಾನಿಸಲು ಅಲ್ಲೊಂದು ಸಮಿತಿಯೇ ಇದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಗಡಿರೇಖೆಯ ಪದಾರ್ಥಗಳ ಸಲಹಾ ಸಮಿತಿ’ ಎಂದಾಗುತ್ತದೆ. ಇತ್ತ ಪೂರ್ತಿ ಊಟವೂ ಅಲ್ಲದ, ಅತ್ತ ಪೂರ್ತಿ ಮದ್ದೂ ಅಲ್ಲದ ವಸ್ತುಗಳನ್ನು ಅಳೆಯುವ ಸಮಿತಿ. ನಮಗೆ ಇದಕ್ಕೆ ಹೊಸ ಹೆಸರು ಬೇಕಿಲ್ಲ, ಪಥ್ಯ ಎಂಬ ಮಾತೇ ಇದೆ. ಆದರೆ ಪಥ್ಯ ಹೇಳುವುದು ವೈದ್ಯರ ಕೆಲಸ, ಅದರ ಖರ್ಚು ಮನೆಯವರದು ಎಂದೇ ನಾವು ನಡೆದುಕೊಂಡು ಬಂದವರು. ಆ ಖರ್ಚನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆ ಹೊರಬೇಕೇ ಎನ್ನುವುದು ಇಲ್ಲಿಯ ಪ್ರಶ್ನೆ.

ಆ ಬ್ರೆಡ್ಡು ಸೀಲಿಯಾಕ್ ಕಾಯಿಲೆಯವರಿಗೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಪ್ರೋಟೀನು ಇರುತ್ತದೆ. ಪರೋಟದ ಹಿಟ್ಟನ್ನು ಕೈಯಲ್ಲಿ ಬೀಸಿದಾಗ ಅದು ಹರಿಯದೆ ರಬ್ಬರಿನಂತೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಇರುವವರ ಸಣ್ಣ ಕರುಳಿಗೆ ಗ್ಲೂಟೆನ್ ಹೋಗಿ ಸೇರಿದರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಬಗೆಯುತ್ತದೆ, ಆ ಜಗಳದಲ್ಲಿ ಕರುಳಿನ ಒಳಗೋಡೆಯೇ ಪೆಟ್ಟು ತಿನ್ನುತ್ತದೆ. ಮಖಮಲ್ಲಿನ ಎಳೆಗಳ ಹಾಗೆ ಒತ್ತಾಗಿ ನಿಂತು ಆಹಾರದ ಸಾರ ಹೀರುವ ಕುಡಿಗಳು ಸವೆದು ಚಪ್ಪಟೆಯಾಗುತ್ತವೆ. ಭೇದಿ, ರಕ್ತಹೀನತೆ, ಟೊಳ್ಳಾದ ಮೂಳೆ, ಬೆಳೆಯದೆ ಉಳಿದ ಮಕ್ಕಳು. ಇದಕ್ಕೆ ಮಾತ್ರೆಯಿಲ್ಲ. ಬದುಕಿರುವಷ್ಟು ದಿನ ಗ್ಲೂಟೆನ್ ಮುಟ್ಟದಿರುವುದೊಂದೇ ಚಿಕಿತ್ಸೆ. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು ಎರಡು ಗ್ರಾಂ ಗ್ಲೂಟೆನ್ ಇದ್ದರೆ, ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ತುಂಡಿನ ನಲವತ್ತನೇ ಒಂದು ಪಾಲು ಒಳಗೆ ಹೋಗುತ್ತಿದ್ದರೂ ಕರುಳು ಹಾಳಾಗುತ್ತದೆ.

ಗೋಧಿಯೇ ಅಪರಾಧಿ ಎಂದು ಪತ್ತೆ ಮಾಡಿದವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬರ ಬಿದ್ದು ಜನ ಟ್ಯೂಲಿಪ್ ಹೂವಿನ ಗಡ್ಡೆ ತಿಂದು ಜೀವ ಹಿಡಿದಾಗ, ಬ್ರೆಡ್ಡಿಲ್ಲದ ಈ ಮಕ್ಕಳು ಮಾತ್ರ ಚೇತರಿಸಿಕೊಂಡವು, ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದವು ಎಂಬ ಕಥೆ ಪ್ರಸಿದ್ಧ. ಕಥೆ ಚೆನ್ನಾಗಿದೆ, ಆದರೆ ಡಿಕ್ಕೆ ಅವರ ಶ್ರಮವನ್ನು ಅದು ಸ್ವಲ್ಪ ಕದಿಯುತ್ತದೆ. ಗೋಧಿಯ ಮೇಲೆ ಅವರಿಗೆ ಅನುಮಾನ ಹುಟ್ಟಿದ್ದು, ಗೋಧಿ ಬಿಡಿಸಿ ನೋಡಲು ತೊಡಗಿದ್ದು 1930ರ ದಶಕದಲ್ಲೇ. ಬರಗಾಲ ಆ ಅನುಮಾನವನ್ನು ಗಟ್ಟಿ ಮಾಡಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು.

ಗೋಧಿ ಬಿಡಿ ಎನ್ನುವುದು ಸುಲಭ. ಬೆಳಿಗ್ಗೆ ಟೋಸ್ಟು, ಮಧ್ಯಾಹ್ನ ಸ್ಯಾಂಡ್‌ವಿಚ್ಚು, ಸಂಜೆ ಕೇಕು ತಿನ್ನುವ ನಾಡಿನಲ್ಲಿ ಗೋಧಿ ಬಿಟ್ಟವರು ತಟ್ಟೆಗೆ ಏನು ಹಾಕಿಕೊಳ್ಳಬೇಕು? 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಯಾವ ದಿನಸಿ ಅಂಗಡಿಯಲ್ಲೂ ಗ್ಲೂಟೆನ್ ಇಲ್ಲದ ಬ್ರೆಡ್ಡು ಸಿಗುತ್ತಿರಲಿಲ್ಲವೆಂದೇ ಹೇಳಬಹುದು. ಆಗ ಸರ್ಕಾರ ಅದನ್ನು ಔಷಧಿಯ ಸಾಲಿಗೆ ಸೇರಿಸಿತು. ಅರ್ಥವಿದ್ದ ನಿರ್ಧಾರ. ಮುಂದೆ ಕಾಲ ಬದಲಾಯಿತು. ಸೂಪರ್‌ಮಾರ್ಕೆಟ್ಟುಗಳಲ್ಲಿ ಗ್ಲೂಟೆನ್ ಇಲ್ಲದ ಸರಕಿಗೆ ಉದ್ದುದ್ದ ಕಪಾಟುಗಳೇ ಬಂದವು, ಕಾಯಿಲೆ ಇಲ್ಲದವರೂ ಶೋಕಿಗೆ ಕೊಳ್ಳತೊಡಗಿದರು. ಅತ್ತ ಸರ್ಕಾರ ಮಾತ್ರ ಅದೇ ಬ್ರೆಡ್ಡಿಗೆ ಅಂಗಡಿಯ ಬೆಲೆಗಿಂತ ಹೆಚ್ಚು ತೆರುತ್ತಾ, ಸಾಗಣೆಯ ಖರ್ಚನ್ನೂ ಕೊಡುತ್ತಾ ಬಂತು. 2015ರಲ್ಲಿ ಇಂಗ್ಲೆಂಡಿನ ಈ ಬಾಬ್ತಿನ ಖರ್ಚು ಎರಡೂವರೆ ಕೋಟಿ ಪೌಂಡಿನ ಆಸುಪಾಸಿನಲ್ಲಿತ್ತು. ಜನರ ತೆರಿಗೆಯಲ್ಲಿ ಕೇಕೇ ಎಂದು ಪತ್ರಿಕೆಗಳು ಕುಟುಕಿದವು. 2017ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ, 2018ರ ಡಿಸೆಂಬರಿನಿಂದ ಬ್ರೆಡ್ಡು ಮತ್ತು ಹಿಟ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕೈಬಿಟ್ಟರು. ಅಷ್ಟನ್ನೂ ಕೊಡದಿರುವ ಸ್ವಾತಂತ್ರ್ಯ ಸ್ಥಳೀಯ ಆರೋಗ್ಯ ಮಂಡಳಿಗಳಿಗಿತ್ತು. ಹಲವು ಮಂಡಳಿಗಳು ಅದನ್ನು ಬಳಸಿಕೊಂಡವು. ಹಾಗಾಗಿ ಒಂದೇ ಕಾಯಿಲೆಯ ಇಬ್ಬರಲ್ಲಿ ಈ ಜಿಲ್ಲೆಯವನಿಗೆ ಬ್ರೆಡ್ಡು ಸಿಗುತ್ತದೆ, ಪಕ್ಕದ ಜಿಲ್ಲೆಯವನಿಗೆ ಇಲ್ಲ.

ಕೇಕು, ಬಿಸ್ಕತ್ತು ನಿಲ್ಲಿಸಿದ್ದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ‘ಅಂಗಡಿಯಲ್ಲಿ ಸಿಗುತ್ತದಲ್ಲ’ ಎಂಬ ವಾದದೊಳಗೆ ಒಂದು ತೂತಿದೆ. ಯಾರ ಅಂಗಡಿಯಲ್ಲಿ? ಊರಾಚೆಯ ದೊಡ್ಡ ಮಳಿಗೆಯಲ್ಲಿ ಹತ್ತು ಬಗೆ ಸಿಗುತ್ತವೆ. ಕಾರಿಲ್ಲದ ಮುದುಕಿ ನಡೆದು ಹೋಗಬಲ್ಲ ಮೂಲೆಯಂಗಡಿಯಲ್ಲಿ ಒಂದೂ ಇರುವುದಿಲ್ಲ. ಬೆಲೆಯೂ ಅಷ್ಟೇ. ತೂಕಕ್ಕೆ ತೂಕ ಹಿಡಿದು ನೋಡಿದರೆ ಗ್ಲೂಟೆನ್ ಇಲ್ಲದ ಬ್ರೆಡ್ಡಿಗೆ ಸಾಮಾನ್ಯ ಬ್ರೆಡ್ಡಿನ ನಾಲ್ಕು ಪಟ್ಟಿಗೂ ಮಿಕ್ಕಿ ಕೊಡಬೇಕು. ಉಳ್ಳವರಿಗೆ ಇದೊಂದು ಕಿರಿಕಿರಿ, ಇಲ್ಲದವರಿಗೆ ಪಥ್ಯ ಮುರಿಯಲು ಕಾರಣ. ಮುರಿದ ಪಥ್ಯದ ಲೆಕ್ಕ ಬರುವುದು ಹತ್ತಿಪ್ಪತ್ತು ವರ್ಷಗಳ ಮೇಲೆ, ಸೊಂಟದ ಮೂಳೆ ಮುರಿದಾಗ. ಆ ಬಿಲ್ಲನ್ನು ಬ್ರೆಡ್ಡಿನ ಪುಟದಲ್ಲಿ ಯಾರೂ ಬರೆದಿಡುವುದಿಲ್ಲ.

ಇದೇ ಪ್ರಶ್ನೆಯನ್ನು ಎತ್ತಿಕೊಂಡು ತುಮಕೂರಿಗೋ ವಿಜಯಪುರಕ್ಕೋ ಬಂದರೆ ಅದರ ಆಕಾರವೇ ಬೇರೆ. ಭಾರತದ ಮೂರು ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಎಂದು ಕಂಡುಬಂತು. ದಕ್ಷಿಣದವರ ವಂಶವಾಹಿಯಲ್ಲೇ ರಕ್ಷಣೆ ಇದೆಯೇ ಎಂದರೆ ಇಲ್ಲ. ಈ ಕಾಯಿಲೆಗೆ ದಾರಿ ಮಾಡಿಕೊಡುವ ಡಿಕ್ಯೂ2, ಡಿಕ್ಯೂ8 ಎಂಬ ಗುರುತುಗಳು ಮೂರೂ ಕಡೆ ಸುಮಾರು ಮೂರರಲ್ಲಿ ಒಬ್ಬರಲ್ಲಿದ್ದವು. ವ್ಯತ್ಯಾಸ ಎದ್ದು ಕಂಡದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ. ಈಶಾನ್ಯದವರೂ ತಿನ್ನುತ್ತಿದ್ದುದು 37 ಗ್ರಾಂ ಮಾತ್ರ, ಅಲ್ಲಿ ಕಾಯಿಲೆ ಹೆಚ್ಚಿರುವುದರಿಂದ ಗೋಧಿಯ ಲೆಕ್ಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ, ನಿಜ. ಆದರೂ ನಮ್ಮ ಯುವಕರ ಸಂಜೆಯ ಪರೋಟ, ನೂಡಲ್ಸ್, ಬೇಕರಿ ಪಫ್ಸು ನೋಡಿದರೆ ಆ 25 ಗ್ರಾಂ ಅಲ್ಲೇ ನಿಂತಿರುತ್ತದೆಂದು ನನಗಂತೂ ನಂಬಿಕೆಯಿಲ್ಲ.

ಇಲ್ಲಿ ಸೀಲಿಯಾಕ್ ಬಂದವರ ತಟ್ಟೆ ಖಾಲಿಯಾಗುವುದಿಲ್ಲ. ರಾಗಿಮುದ್ದೆಯಲ್ಲಿ, ಜೋಳದ ರೊಟ್ಟಿಯಲ್ಲಿ, ಅಕ್ಕಿರೊಟ್ಟಿಯಲ್ಲಿ, ಇಡ್ಲಿ ದೋಸೆಯಲ್ಲಿ ಗ್ಲೂಟೆನ್ ಇಲ್ಲ. ಕರ್ನಾಟಕದ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಜೊತೆಗೆ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಡುವ ಪದ್ಧತಿಯೂ ಇದೆ. ಇಂಗ್ಲೆಂಡಿನವರು ಔಷಧಿ ಅಂಗಡಿಯಿಂದ ತರುವುದನ್ನು ನಮ್ಮ ಸೊಸೈಟಿಯಲ್ಲಿ ಚೀಲಕ್ಕೆ ಸುರಿಯುತ್ತಾರೆ. ಹಾಗಾದರೆ ಸರ್ಕಾರ ಮಾಡಬೇಕಾದ್ದು ಏನೂ ಇಲ್ಲವೇ? ಆ ಚೀಲದ ಹಿಂದೆಯೇ ಹೋಗಿ ನೋಡಬೇಕು. ರಾಗಿ ಗಿರಣಿಗೆ ಹೋಗುತ್ತದೆ. ಗಿರಣಿಯವನು ಈಗಷ್ಟೇ ಬೇರೆಯವರ ಗೋಧಿ ಬೀಸಿ ಮುಗಿಸಿರುತ್ತಾನೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಅದರ ಹುಡಿ ಕೂತಿರುತ್ತದೆ. ನಿಮ್ಮ ರಾಗಿಯ ಮೊದಲ ಒಂದೆರಡು ಸೇರು ಅದನ್ನು ಗುಡಿಸಿಕೊಂಡೇ ಬರುತ್ತದೆ. ‘ಗ್ಲೂಟೆನ್ ರಹಿತ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಎನ್ನುವುದು ಅಂತರರಾಷ್ಟ್ರೀಯ ಮಿತಿ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ್ದೂ ಅದೇ. ಒಂದು ಕಿಲೋ ಹಿಟ್ಟಿಗೆ ಚಿಟಿಕೆ ಗೋಧಿಹಿಟ್ಟು ಬೆರೆತರೂ ಆ ಗೆರೆ ದಾಟಿಹೋಗುತ್ತದೆ.

ಇನ್ನೊಂದು ಅಪಾಯ ಅಡುಗೆಮನೆಯೊಳಗೇ ಕೂತಿದೆ. ಸಾರಿನ ಒಗ್ಗರಣೆಗೆ ಹಾಕುವ ಇಂಗು. ಅಪ್ಪಟ ಇಂಗಿನ ಘಾಟು ತಡೆಯಲಾರದ್ದು, ಅಂಟಂಟು ಬೇರೆ. ಅದಕ್ಕೇ ಮಾರುವವರು ಅದನ್ನು ಗೋಂದು ಮತ್ತು ಹಿಟ್ಟಿನಲ್ಲಿ ಕಲಸಿ ಕಟ್ಟುತ್ತಾರೆ. ಬಹಳಷ್ಟು ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದೇ. ಚಪಾತಿ ಬಿಟ್ಟು, ಬಿಸ್ಕತ್ತು ಬಿಟ್ಟು, ಮಗುವಿಗೆ ಬರೀ ಅನ್ನ-ಸಾರು ಹಾಕುವ ತಾಯಿ ಡಬ್ಬಿಯ ಹಿಂದಿನ ಇರುವೆಗಾತ್ರದ ಅಕ್ಷರಗಳನ್ನು ಓದದಿದ್ದರೆ ಪಥ್ಯ ಅಲ್ಲೇ ಸೋರುತ್ತದೆ. ಕರ್ನಾಟಕದ ಸೀಲಿಯಾಕ್ ರೋಗಿಗೆ ಬ್ರೆಡ್ಡಿನ ಸಬ್ಸಿಡಿ ಬೇಕಿಲ್ಲ ಎಂದೇ ನನ್ನ ಎಣಿಕೆ. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಏನು ತಿನ್ನಬೇಕೆಂದು ಕೂತು ಹೇಳುವ ಆಹಾರತಜ್ಞೆ, ಕನ್ನಡದಲ್ಲಿ ಓದಲಾಗುವ ಲೇಬಲ್ಲು, ಗೋಧಿ ಮುಟ್ಟದ ಒಂದು ಗಿರಣಿ ಇಷ್ಟು ಬೇಕು. ಪಂಜಾಬಿನಲ್ಲಿರುವ ರೋಗಿಯ ಉತ್ತರ ಬೇರೆಯಿರಬಹುದು. ಊಟವೋ ಮದ್ದೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಕಾಯಿಲೆ ಈ ಊರಿನ ತಟ್ಟೆಯಲ್ಲಿ ಎಷ್ಟು ಜಾಗ ಖಾಲಿ ಮಾಡಿತು, ಆ ಖಾಲಿಯನ್ನು ರೋಗಿ ತನ್ನ ಕಾಸಿನಲ್ಲಿ ತುಂಬಿಕೊಳ್ಳಬಲ್ಲನೇ ಎಂದು ಕೇಳುವುದು ಮೇಲು.

ತಟ್ಟೆಯೇ ಬರಿದಾಗುವ ಕಾಯಿಲೆಗಳೂ ಇವೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತೇವಲ್ಲ, ಆ ಗಾದೆ ಸುಳ್ಳಾಗುವ ಜಾಗ ಇದು. ಫಿನೈಲ್‌ಕೀಟೋನ್ಯೂರಿಯಾ ಇರುವ ಮಗುವಿಗೆ ಹಾಲೂ ವರ್ಜ್ಯ, ಅನ್ನವೂ ಅಳತೆಯ ಮೇಲೆ. ಬೇಳೆ, ಮೊಟ್ಟೆ, ಮಾಂಸ, ಕಡಲೆಕಾಯಿ ದೂರ. ಪ್ರೋಟೀನಿನಲ್ಲಿರುವ ಫಿನೈಲ್‌ಅಲನೈನ್ ಎಂಬ ಅಂಶವನ್ನು ಒಡೆಯುವ ಕಿಣ್ವ ಈ ಮಕ್ಕಳ ಪಿತ್ತಜನಕಾಂಗದಲ್ಲಿ ಕೆಲಸ ಮಾಡುವುದಿಲ್ಲ. ಒಡೆಯದ್ದು ರಕ್ತದಲ್ಲಿ ಕೂಡಿಕೊಂಡು ಬೆಳೆಯುವ ಮೆದುಳನ್ನು ತಿಂಗಳು ತಿಂಗಳಿಗೂ ಮಂಕು ಮಾಡುತ್ತದೆ. 1934ರಲ್ಲಿ ನಾರ್ವೆಯಲ್ಲಿ ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿ, ಮಕ್ಕಳ ಮೈಯಿಂದ ಬರುವ ವಿಚಿತ್ರ ವಾಸನೆಗೆ ಕಾರಣ ಹುಡುಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿ ಬಂದಳು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಬಣ್ಣ ಹಸಿರಾಯಿತು. ಕಾಯಿಲೆ ಪತ್ತೆಯಾದದ್ದು ಹಾಗೆ.

ಚಿಕಿತ್ಸೆ ಬಂದದ್ದೂ ಒಬ್ಬ ತಾಯಿಯ ಹಟದಿಂದ. 1951ರಲ್ಲಿ ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರು ಎರಡು ವರ್ಷದ ಹುಡುಗಿಯಲ್ಲಿ ಈ ಕಾಯಿಲೆ ಪತ್ತೆ ಮಾಡಿದರು. ಏನೂ ಮಾಡಲಾಗದು ಎಂದರೆ ತಾಯಿ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಅವರ ಪ್ರಯೋಗಾಲಯದ ಮುಂದೆ ಬಂದು ನಿಲ್ಲುತ್ತಿದ್ದಳು. ಬಿಕೆಲ್ ಮತ್ತು ಜೊತೆಗಾರರು ಹಾಲಿನ ಪ್ರೋಟೀನನ್ನು ಆಮ್ಲದಲ್ಲಿ ಒಡೆದು, ಇದ್ದಿಲಿನಲ್ಲಿ ಹಾಯಿಸಿ, ಫಿನೈಲ್‌ಅಲನೈನ್ ತೆಗೆದು ಒಂದು ಆಹಾರ ತಯಾರಿಸಿದರು. ತಲೆ ಚಚ್ಚಿಕೊಳ್ಳುತ್ತಿದ್ದ, ಸುತ್ತಲಿನ ಪರಿವೆಯೇ ಇಲ್ಲದಿದ್ದ ಮಗು ಕೆಲವು ತಿಂಗಳಲ್ಲಿ ತೆವಳಿತು, ಎದ್ದು ನಿಂತಿತು. ಇದು ಆಹಾರದಿಂದಲೇ ಎಂದು ಖಚಿತ ಮಾಡಿಕೊಳ್ಳಲು ಅವರು ತಾಯಿಗೆ ಹೇಳದೆ ಫಿನೈಲ್‌ಅಲನೈನನ್ನು ಮತ್ತೆ ಬೆರೆಸಿದರು. ಕೆಲವೇ ದಿನಗಳಲ್ಲಿ ಮಗು ಹಿಂದಕ್ಕೆ ಜಾರಿತು. ಇಂದಿನ ನೈತಿಕ ಸಮಿತಿಗಳು ಇಂಥ ಪರೀಕ್ಷೆಗೆ ಒಪ್ಪುತ್ತಿರಲಿಲ್ಲ, ಒಪ್ಪಲೂಬಾರದು. ಆದರೆ ಊಟ ಬದಲಿಸಿದರೆ ಮೆದುಳು ಉಳಿಯುತ್ತದೆ ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಅವರು ಹುಟ್ಟಿದ ಮಗುವಿನ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಇದನ್ನು ಕಂಡುಹಿಡಿಯುವ ಪರೀಕ್ಷೆ ರೂಪಿಸಿದ ಮೇಲೆ, ಲಕ್ಷಣ ಕಾಣುವ ಮೊದಲೇ ಪಥ್ಯ ಶುರುಮಾಡಲು ಸಾಧ್ಯವಾಯಿತು.

ಈ ಮಕ್ಕಳ ತಟ್ಟೆಯಲ್ಲಿ ಉಳಿಯುವುದು ಸಬ್ಬಕ್ಕಿ, ಸಕ್ಕರೆ, ತುಪ್ಪ, ಕೆಲವು ಹಣ್ಣು ತರಕಾರಿ, ಅಳೆದು ಹಾಕಿದ ಸ್ವಲ್ಪ ಅನ್ನ. ಅದರಲ್ಲಿ ಹೊಟ್ಟೆ ತುಂಬಬಹುದು, ಮೈ ಬೆಳೆಯುವುದಿಲ್ಲ. ಬೆಳೆಸುವುದು ಫಿನೈಲ್‌ಅಲನೈನ್ ಇಲ್ಲದ ವಿಶೇಷ ಪುಡಿ, ದಿನಕ್ಕೆ ಮೂರು ನಾಲ್ಕು ಸಲ, ವರ್ಷಾನುಗಟ್ಟಲೆ. ಹೆಣ್ಣುಮಗುವಾದರೆ ಮುಂದೆ ಬಸುರಿಯಾದಾಗ ಪಥ್ಯ ಇನ್ನೂ ಬಿಗಿ, ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಕೂಸಿನ ಮೆದುಳಿಗೆ ಪೆಟ್ಟು. ಇದನ್ನು ಊಟ ಎಂದು ಕರೆದು ಖರ್ಚನ್ನು ಮನೆಯವರ ತಲೆಗೆ ಕಟ್ಟುವುದು ಶಬ್ದದ ಆಟ. ಇನ್ಸುಲಿನ್ ಸೂಜಿಯಲ್ಲಿ ಹೋಗುತ್ತದೆ, ಇದು ಲೋಟದಲ್ಲಿ, ಅಷ್ಟೇ ವ್ಯತ್ಯಾಸ.

ಭಾರತ ಸರ್ಕಾರವೂ ಇದನ್ನು ಒಪ್ಪಿದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ವಿಶೇಷ ಆಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳದೇ ಒಂದು ಪಟ್ಟಿ ಇದೆ. ಗುರುತಿಸಿದ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು. ನಮ್ಮಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಗೂಡಿ ಅಂಥ ಕೇಂದ್ರವಾಗಿವೆ. 2023ರ ಏಪ್ರಿಲ್ ಒಂದರಿಂದ, ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧ, ವಿಶೇಷ ಆಹಾರಗಳ ಮೇಲಿನ ಮೂಲ ಆಮದು ಸುಂಕವನ್ನೂ ಮನ್ನಾ ಮಾಡಿದರು. ಅಲ್ಲಿಯತನಕ ಕೂಸಿನ ಪುಡಿಯ ಡಬ್ಬಿ ಬಂದರಿನಲ್ಲಿ ಸುಂಕ ಕಟ್ಟಿ ಒಳಗೆ ಬರಬೇಕಿತ್ತು. ಆದರೂ ಒಂದು ತೊಡಕು ಉಳಿದಿದೆ. ಹುಟ್ಟಿದ ಎಲ್ಲ ಮಕ್ಕಳ ರಕ್ತ ಪರೀಕ್ಷೆ ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ಮೆದುಳು ಮಂಕಾದ ಮೇಲೆ ಕಾಯಿಲೆ ಗೊತ್ತಾದರೆ, ಎಷ್ಟು ಲಕ್ಷದ ಪುಡಿ ಕೊಟ್ಟರೂ ಕಳೆದುಹೋದದ್ದು ಹಿಂದಕ್ಕೆ ಬಾರದು.

ಹಾಗೆಂದು ಡಾಕ್ಟರು ಬರೆದ ತಿನಿಸಿಗೆಲ್ಲ ಸರ್ಕಾರ ಗಂಟು ಬಿಚ್ಚಲಿ ಎನ್ನಲು ಧೈರ್ಯ ಸಾಲದು. ಮತ್ತೆ ಇಂಗ್ಲೆಂಡಿನದೇ ಕಥೆ. ಹಸುವಿನ ಹಾಲು ಒಗ್ಗದ ಕೂಸುಗಳಿಗೆ ಕೊಡುವ ವಿಶೇಷ ಹಾಲಿನ ಪುಡಿಗೆ ಅಲ್ಲಿ 2006ರಲ್ಲಿ ಬರೆದ ಚೀಟಿಗಳು ಒಂದು ಲಕ್ಷದ ಸುಮಾರು. 2016ಕ್ಕೆ ಅವು ಆರು ಲಕ್ಷ ದಾಟಿದವು. ಖರ್ಚು 80 ಲಕ್ಷ ಪೌಂಡಿನಿಂದ ಆರು ಕೋಟಿಗೆ ಜಿಗಿಯಿತು. ಹತ್ತು ವರ್ಷಗಳಲ್ಲಿ ಕೂಸುಗಳ ಹೊಟ್ಟೆ ಅಷ್ಟೊಂದು ಕೆಟ್ಟಿತ್ತೆನ್ನಲು ಆಧಾರ ಕಾಣಲಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿ, ಯಾವ ಅಳುವನ್ನು ಅಲರ್ಜಿ ಎನ್ನಬೇಕೆಂದು ಹೇಳುವ ಮಾರ್ಗಸೂಚಿಗಳನ್ನು ಬರೆದವರಲ್ಲಿ ಹಲವರಿಗೆ ಪುಡಿ ಕಂಪನಿಗಳ ನಂಟಿದ್ದುದನ್ನು ಎತ್ತಿ ತೋರಿಸಿತು. ಕೂಸು ಅಳುವುದು, ಕಕ್ಕುವುದು, ರಾತ್ರಿ ನಿದ್ದೆಗೆಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಖರ್ಚು ಕೊಡಲು ಬೇರೆಯವರಿದ್ದಾಗ ಕಾಯಿಲೆಯ ಅರ್ಥವೂ ಹಿಗ್ಗುತ್ತದೆ. ನಮ್ಮಲ್ಲಿ ‘ಸಕ್ಕರೆ ಕಾಯಿಲೆಯವರಿಗಾಗಿ’ ಎಂದು ಮಾರುವ ಬಿಸ್ಕತ್ತುಗಳೂ ಈ ಜಾತಿಗೇ ಸೇರಿದವು. ಮಧುಮೇಹಿಗೆ ಬೇಕಾದ್ದು ಎಲ್ಲರಿಗೂ ಒಳ್ಳೆಯದಾದ ಊಟವೇ. ಆ ಬಿಸ್ಕತ್ತಿಗೆ ಸಬ್ಸಿಡಿ ಕೇಳಿದರೆ ನಾನು ಕೈ ಎತ್ತುವುದಿಲ್ಲ.

ಕೊಡಬೇಕೆಂದು ತೀರ್ಮಾನಿಸಿದ ಮೇಲೂ ಹೇಗೆ ಕೊಡುವುದೆಂಬ ಪ್ರಶ್ನೆ ಇದ್ದೇ ಇದೆ. ಇಟಲಿಯಲ್ಲಿ 2005ರ ಕಾನೂನು ಸೀಲಿಯಾಕ್ ರೋಗಿಗಳಿಗೆ ಪಥ್ಯದ ಹಕ್ಕು ಕೊಟ್ಟಿತು; ವಯಸ್ಸು, ಲಿಂಗ ನೋಡಿ ತಿಂಗಳಿಗೆ ಇಷ್ಟು ಯೂರೋ ಎಂದು ಕೂಪನ್ನು. ಗಂಡಸರಿಗೆ ಒಂದಿಷ್ಟು ಹೆಚ್ಚು, ಹೆಂಗಸರಿಗೆ ಕಡಿಮೆ, ಕ್ಯಾಲೊರಿ ಲೆಕ್ಕದ ಮೇಲೆ. ಒಂದು ಪ್ರಾಂತ್ಯದ ಕೂಪನ್ನು ಇನ್ನೊಂದರಲ್ಲಿ ನಡೆಯುವುದಿಲ್ಲ ಎಂಬ ದೂರು ಅಲ್ಲಿ ಬಹುಕಾಲದ್ದು, ನಮ್ಮ ಹಳೆಯ ರೇಷನ್ ಕಾರ್ಡಿನ ಪಾಡೇ. ಸ್ಕಾಟ್ಲೆಂಡಿನಲ್ಲಿ ಡಾಕ್ಟರ ಬಳಿ ಮತ್ತೆ ಮತ್ತೆ ಹೋಗದೆ ನೇರ ಔಷಧಿ ಅಂಗಡಿಯಿಂದ ಪಡೆಯುವ ಏರ್ಪಾಡಿದೆ. ವೇಲ್ಸ್‌ನ ಪಶ್ಚಿಮ ಭಾಗದಲ್ಲಿ ಹಣ ತುಂಬಿದ ಕಾರ್ಡು ಕೊಟ್ಟು, ಯಾವ ಅಂಗಡಿಯಲ್ಲಾದರೂ ಕೊಳ್ಳಿ ಎಂದು ನೋಡಿದರು. ನನಗೆ ಇದು ಹೆಚ್ಚು ಹಿಡಿಸಿತು. ಬ್ರೆಡ್ಡನ್ನು ಔಷಧಿ ಅಂಗಡಿಯ ಮೂಲಕ ಸಾಗಿಸುವುದು ದುಬಾರಿ ದಾರಿ, ಕೊಳ್ಳುವವನಿಗೆ ಅಲ್ಲಿ ಆಯ್ಕೆಯೂ ಕಡಿಮೆ.

ಆದರೆ ಹತ್ತಿರದ ಅಂಗಡಿಯೇ ಬರಿದಾಗಿರುವ ಕಡೆ ಕಾರ್ಡಿನಲ್ಲಿ ಏನು ಕೊಳ್ಳುವುದು? ಜಾರ್ಖಂಡಿನ ಹಳ್ಳಿಗಳಲ್ಲಿ 2019ರಿಂದ 2022ರವರೆಗೆ ನಡೆದ ಅಧ್ಯಯನ ನೆನಪಾಗುವುದು ಇಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅದನ್ನು ಮುನ್ನಡೆಸಿದರು. ಕ್ಷಯ ತಗುಲಿದ 2,800 ರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದವರು. ಮಾತ್ರೆ ಎಲ್ಲರಿಗೂ ಸಿಗುತ್ತಿತ್ತು. ಅದರ ಜೊತೆಗೆ ತಿಂಗಳಿಗೆ ಹತ್ತು ಕಿಲೋ ದಿನಸಿ ರೋಗಿಯ ಮನೆಗೆ ತಲುಪಿತು. ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ಬುಟ್ಟಿ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿಯಿತು. ಸರ್ಕಾರದ ನಿಕ್ಷಯ ಪೋಷಣ ಯೋಜನೆ 2018ರಿಂದ ಕ್ಷಯರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಬ್ಯಾಂಕು ಹತ್ತು ಮೈಲಿ ದೂರವಿದ್ದು, ಮನೆಯಲ್ಲಿ ಐದು ಬಾಯಿ ಇದ್ದರೆ ಆ ಹಣ ರೋಗಿಯ ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಅದೇ ಅಧ್ಯಯನದಲ್ಲಿ, ಚಿಕಿತ್ಸೆ ಶುರುವಾದ ಎರಡು ತಿಂಗಳಲ್ಲಿ ಮೈತೂಕ ಶೇ 5ರಷ್ಟು ಹೆಚ್ಚಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಬುಟ್ಟಿಯಲ್ಲಿದ್ದದ್ದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ಜೀವಸತ್ವದ ಮಾತ್ರೆ. ಗಡಿರೇಖೆಯ ಸಮಿತಿಯವರ ಮುಂದಿಟ್ಟರೆ ಅವರು ಅದನ್ನು ಯಾವ ಕಡೆಗೆ ಸೇರಿಸುತ್ತಿದ್ದರೋ.